ಅಪ್ಪ ಕೊಟ್ಟ ಶ್ರುತಿ

ತಾಲೀಮು ಶುರುವಾಗಿ ಇನ್ನೂ ಒಂದು ಪುಟ ಮುಗಿದಿರಲಿಲ್ಲ, ಕೊಳಲಿನಾಕೆ ತುಟಿಯಿಂದ ಕೊಳಲು ಇಳಿಸಿಬಿಟ್ಟಳು. ಅಪ್ಪನ ಕಮಾನು ಗಾಳಿಯಲ್ಲೇ ನಿಂತಿತು. ನಮ್ಮಲ್ಲಿ ಅಪ್ಪ ನಿಲ್ಲಿಸದೆ ಯಾರೂ ನಿಲ್ಲಿಸುವುದಿಲ್ಲ. ಆಕೆಗೆ ಅದೆಲ್ಲ ಎಲ್ಲಿ ಗೊತ್ತಿರಬೇಕು, ಪಾಪ, ಬೆಳಗಿನ ರೈಲಿಗೆ ಬಂದಿಳಿದ ಹೊರಗಿನವಳು.

“ಕ್ಷಮಿಸಿ ಸರ್. ಶ್ರುತಿ ಕೂಡ್ತಾ ಇಲ್ಲ.”

“ಅದು ನಮಗೂ ಕೇಳಿಸ್ತಾ ಇದೆ,” ಎಂದರು ಅಪ್ಪ. “ನಿಮ್ಮ ಕೊಳಲು ಏರಿದೆ. ಸೆಕೆಗೆ ಬಿಸಿಯಾಗಿದೆ. ಸ್ವಲ್ಪ ಹೊರಗೆ ಎಳೀರಿ.”

ಮರದ ಕೊಳಲಿನ ತುಂಡುಗಳು ಕೂಡುವ ಕಡೆ ಆಕೆ ಎಳೆದಳು. ಹಾಗೆ ಎಳೆದರೆ ಕೊಳಲು ಉದ್ದವಾಗಿ ಸ್ವರ ಇಳಿಯುತ್ತದೆ. ಮತ್ತೆ ಊದಿದಳು. ಹಲ್ಲು ಜುಮ್ಮೆನ್ನಿಸುವ ಅದೇ ಕರ್ಕಶ. ಇನ್ನಷ್ಟು ಎಳೆದಳು. ಮತ್ತೊಂದು ಚೂರು ಎಳೆದಿದ್ದರೆ ಕೊಳಲು ಎರಡು ತುಂಡಾಗಿ ತೊಡೆಯ ಮೇಲೆ ಬೀಳುತ್ತಿತ್ತು. ಆದರೂ ಅದು ನಮಗಿಂತ ಮೇಲೇ ಇತ್ತು.

“ಮಾಡಿದವನಿಗೆ ವಾಪಸ್ ಕೊಟ್ಬಿಡಿ ಅದನ್ನ,” ಎಂದು ಅಪ್ಪ ಎದ್ದರು. “ನಾನು ಸ್ವಲ್ಪ ಹೊತ್ತು ಅಡ್ಡಾಗ್ತೀನಿ. ಅಷ್ಟರಲ್ಲಿ ಏನಾದ್ರೂ ಮಾಡ್ಕೊಳ್ಳಿ.” ದೊಡ್ಡ ಪಿಟೀಲಿನಂತಿರುವ ತಮ್ಮ ಚೆಲ್ಲೊವನ್ನು ಎತ್ತಿಕೊಂಡು ವೇದಿಕೆಯ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಗೆ ಕಛೇರಿ, ಟಿಕೆಟ್ಟೆಲ್ಲ ಹೋಗಿವೆ, ಮುಖ್ಯ ವಾದಕರಿಗೆ ನಿದ್ದೆ! ನನಗೆ ಮೈ ಪರಚಿಕೊಳ್ಳುವಂತಾಯಿತು.

ನಮ್ಮ ಮನೆಮಂದಿಗೆಲ್ಲ ಇದೇ ಹುಚ್ಚು. ಅಪ್ಪ ಚೆಲ್ಲೊ, ಅಣ್ಣ ಪಿಟೀಲು, ನಾನು ಹಾರ್ಪ್ಸಿಕಾರ್ಡ್. ಎಲ್ಲವೂ ಮುನ್ನೂರು ವರ್ಷದ ಹಿಂದೆ ಹೇಗಿದ್ದವೋ ಹಾಗೆ. ಪಿಟೀಲು, ಚೆಲ್ಲೊಗಳಿಗೆ ಕುರಿಯ ಕರುಳಿನ ತಂತಿ. ಅಪ್ಪನ ಚೆಲ್ಲೊಗೆ ನೆಲಕ್ಕೂರುವ ಕಂಬಿಯೂ ಇಲ್ಲ, ಮೀನಖಂಡಗಳ ನಡುವೆ ಅವುಚಿ ಹಿಡಿದೇ ನುಡಿಸಬೇಕು. ನನ್ನ ವಾದ್ಯ ನೋಡುವುದಕ್ಕೆ ಪಿಯಾನೋದ ಸಣಕಲು ತಂಗಿ, ಆದರೆ ಒಳಗೆ ಸುತ್ತಿಗೆಗಳಿಲ್ಲ. ಕೀ ಒತ್ತಿದರೆ ಹಕ್ಕಿಗರಿಯ ಚೂರೊಂದು ಲೋಹದ ತಂತಿಯನ್ನು ಮೀಟುತ್ತದೆ. ಇವಕ್ಕೆಲ್ಲ ಮೂಗಿನ ತುದಿಯಲ್ಲೇ ಸಿಟ್ಟು. ಬಿಸಿಲೇರಿದರೆ ಮುನಿಸು, ಜನ ತುಂಬಿದರೆ ಮುನಿಸು, ಯಾರೋ ಕಿಟಕಿ ತೆಗೆದರೆ ಮುನಿಸು. ಹಾಗಾಗಿ ನುಡಿಸುವ ಮುಂಚೆ ದಿನಾ ಶ್ರುತಿ ಮಾಡಲೇಬೇಕು.

ಅದಕ್ಕೆ ನಮ್ಮ ಮನೆಯಲ್ಲಿ ಒಂದೇ ಕಟ್ಟಳೆ. ಅಪ್ಪ ಕಣ್ಣು ಮುಚ್ಚಿ, ತಮ್ಮ ತಲೆಯೊಳಗಿರುವ ಸ್ವರಕ್ಕೆ ಚೆಲ್ಲೊದ ಒಂದು ತಂತಿಯನ್ನು ಕೂಡಿಸಿ ಕಮಾನು ಎಳೆಯುತ್ತಾರೆ. ಮಿಕ್ಕವರು ಅದಕ್ಕೆ ಕೂಡಿಸಿಕೊಳ್ಳಬೇಕು. ಯಂತ್ರ ಗಿಂತ್ರ ಎಂದು ಬಾಯಿ ಬಿಡುವ ಹಾಗಿಲ್ಲ. ಅಣ್ಣ ಶಾಲೆಯ ದಿನಗಳಲ್ಲಿ ಶ್ರುತಿ ನೋಡುವ ಯಂತ್ರವೊಂದನ್ನು ಮನೆಗೆ ತಂದದ್ದಕ್ಕೆ ಅಪ್ಪ ಊಟ ಬಿಟ್ಟು ಕೂತಿದ್ದರು. ಅವರ ಕಿವಿಯೂ ಅಂಥದ್ದೇ. ಲೋಟ ಕೆಳಗೆ ಬಿದ್ದರೆ ಯಾವ ಸ್ವರಕ್ಕೆ ಬಿತ್ತೆಂದು ಮೊದಲು ಹೇಳಿ, ಒಡೆದದ್ದಕ್ಕೆ ಆಮೇಲೆ ಬಯ್ಯುತ್ತಿದ್ದರು.

ನಾಲ್ಕನೆಯ ಕುರ್ಚಿ ಅಮ್ಮನದಾಗಿತ್ತು, ಪಿಟೀಲಿಗಿಂತ ತುಸು ದೊಡ್ಡದಾದ ವಿಯೊಲಾ. ಅಮ್ಮ ಹೋದ ಮೇಲೆ ನಾವು ಮೂವರೇ. ಈ ಸಲದ ಕಛೇರಿಗೆ ಅಪ್ಪ ಆರಿಸಿದ್ದು ಹಳೆಯ ಕಾಲದ ಒಂದೇ ಮನೆತನದ ರಚನೆಗಳನ್ನು: ಒಬ್ಬ ಅಪ್ಪ, ಅವನ ಇಬ್ಬರು ಗಂಡುಮಕ್ಕಳು. ಆ ಅಪ್ಪ ಬರೆದದ್ದು ಒಂದು ಸ್ವರ ಅಲುಗಿಸಲಾಗದಷ್ಟು ಬಿಗಿ. ದೊಡ್ಡ ಮಗ ಜೀವನಪೂರ್ತಿ ಅಪ್ಪನ ಹಾಗೆ ಬರೆಯಲು ಹೋಗಿ ಸೋತವನು. ಚಿಕ್ಕವನು ಮನೆ ಬಿಟ್ಟು ಓಡಿ, ಯಾವುದೋ ಅರಮನೆ ಸೇರಿ, ಕೊಳಲಿಗೆ ಸಿಹಿಸಿಹಿಯಾಗಿ ಬರೆದುಕೊಂಡು ಸುಖವಾಗಿದ್ದವನು. ನಮ್ಮ ಅಪ್ಪನಿಗೆ ಅವನನ್ನು ಕಂಡರಾಗದು, “ಸಕ್ಕರೆ ಡಬ್ಬಿ” ಎಂದೇ ಕರೆಯುತ್ತಾರೆ. ಆದರೆ ಮೂರನೆಯದು ಅವನದೇ ಆಗಬೇಕಿತ್ತು, ವಿಯೊಲಾ ಇಲ್ಲದೆ ನಡೆಯುವಂಥದ್ದು ಬೇರೊಂದು ಸಿಗಲಿಲ್ಲ. ಹಾಗೆ ಕೊಳಲಿನಾಕೆಯನ್ನು ಕರೆಸಿದ್ದು. ಎಷ್ಟೋ ವರ್ಷಗಳ ಮೇಲೆ ನಮ್ಮ ನಡುವೆ ಹೊರಗಿನ ವಾದ್ಯವೊಂದು ಕೂತದ್ದು ಇದೇ ಮೊದಲು.

ಅಪ್ಪ ಬಾಗಿಲು ಹಾಕಿಕೊಂಡ ಮೇಲೆ ಆಕೆ ನನ್ನ ಹತ್ತಿರ ಬಂದಳು. “ನಿಮ್ಮ ಹತ್ರ ಒಂದು ಮಾತು. ಬೇಜಾರ್ ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳಬೇಡಿ ಎಂದು ಶುರುವಾದ ಮಾತು ಬೇಜಾರಾಗದೆ ಮುಗಿದದ್ದನ್ನು ನಾನಂತೂ ಕಂಡಿಲ್ಲ. “ಹೇಳಿ, ಬೇಗ ಹೇಳಿ,” ಎಂದೆ.

ಕೊಳಲಿನ ಪೆಟ್ಟಿಗೆಯಿಂದ ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಶ್ರುತಿ ನೋಡುವ ಯಂತ್ರವೊಂದನ್ನು ತೆಗೆದು ನನ್ನ ವಾದ್ಯದ ಮೇಲಿಟ್ಟಳು. “ಅಪ್ಪ ಕೊಟ್ಟ ಸ್ವರಾನೇ ಒಂದ್ಸಲ ಮೀಟಿ.” ಮೀಟಿದೆ. ಮುಳ್ಳು ನಡುವೆ ನಿಲ್ಲಬೇಕಾಗಿತ್ತು, ಎಡಕ್ಕೆ ಹೋಗಿ ಬಿದ್ದುಕೊಂಡಿತು.

“ಬ್ಯಾಟರಿ ಹೋಗಿರ್ಬೇಕು,” ಎಂದೆ.

ಆಕೆ ಕೊಳಲನ್ನು ಮೊದಲಿನಂತೆ ಕೂಡಿಸಿ ಊದಿದಳು. ಮುಳ್ಳು ನೆಟ್ಟಗೆ ನಡುವೆ ಬಂದು ನಿಂತಿತು. ಅಣ್ಣ ತನ್ನ ಫೋನಿನಲ್ಲಿ ಹುಡುಕಿ ಅಂಥದ್ದೇ ಇನ್ನೊಂದನ್ನು ತೆಗೆದ. ಅದೂ ಅದನ್ನೇ ಹೇಳಿತು.

“ನನ್ನ ಕೊಳಲು ಏರಿಲ್ಲ. ನೀವು ಇಳಿದಿದ್ದೀರಿ. ಮೂರೂ ಜನ, ಒಟ್ಟಿಗೆ.”

ಒಂದು ವರ್ಷದಿಂದ ನನ್ನ ವಾದ್ಯದ ಕೆಳಗಿನ ತಂತಿಗಳು ಗರಗರ ಎನ್ನುತ್ತಿದ್ದವು, ನಾನು ಹವೆಯನ್ನು ಬಯ್ಯುತ್ತಿದ್ದೆ. ಅಣ್ಣನ ಪಿಟೀಲಿನ ತಂತಿ ಕಮಾನಿನ ಕೆಳಗೆ ಜೋಲುತ್ತಿತ್ತು. ತಂತಿ ಮಾಡುವವನಿಗೆ ಅವನು ಫೋನು ಮಾಡಿ, ಕುರಿಯ ಕರುಳು ಕಳಿಸುತ್ತೀಯೋ ದಾರದುಂಡೆ ಕಳಿಸುತ್ತೀಯೋ ಎಂದು ಬೆವರಿಳಿಸಿದ್ದ. ಪತ್ರಿಕೆಯಲ್ಲೊಬ್ಬ ಮಹಾಶಯ ಈ ಕುಟುಂಬದ ವಾದನಕ್ಕೆ ಈಚೆಗೆ ಮಾಗಿದ ಗಾಂಭೀರ್ಯ ಬಂದಿದೆ ಎಂದು ಬರೆದಿದ್ದ, ಅಪ್ಪ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದರು. ಗಾಂಭೀರ್ಯವಂತೆ! ಅಪ್ಪನ ತಲೆಯೊಳಗಿನ ಸ್ವರ ತಿಂಗಳಿಗಿಷ್ಟು ಇಳಿಯುತ್ತ ಹೋಗಿತ್ತು, ನಾವಿಬ್ಬರು ಅದರ ಬಾಲ ಹಿಡಿದು ಇಳಿದಿದ್ದೆವು. ಮೂವರೂ ಒಟ್ಟಿಗೆ ಇಳಿದರೆ ಇಳಿದದ್ದು ಯಾರ ಕಿವಿಗೂ ಬೀಳುವುದಿಲ್ಲ.

“ಅಪ್ಪನ ಕಿವೀನಾ?” ಎಂದು ಕೇಳಿದೆ.

“ನಮ್ಮ ಮೇಷ್ಟ್ರಿಗೂ ಹೀಗೇ ಆಯ್ತು,” ಎಂದಳು ಆಕೆ. “ವಯಸ್ಸಾದಂಗೆ ಕೆಲವರ ಕಿವಿಗೆ ಎಲ್ಲಾ ಸ್ವರಾನೂ ಇರೋದಕ್ಕಿಂತ ಮೇಲೆ ಕೇಳತ್ತೆ. ಅವರು ಸರಿ ಮಾಡ್ತೀನಿ ಅಂತ ಇಳಿಸ್ತಾ ಹೋಗ್ತಾರೆ.”

“ಆಮೇಲೆ? ನಿಮ್ಮ ಮೇಷ್ಟ್ರು ಏನ್ ಮಾಡಿದ್ರು?”

“ಗೊತ್ತಾದ ದಿನಾನೇ ನುಡಿಸೋದು ಬಿಟ್ಟರು.”

ಅಣ್ಣ ಕುರ್ಚಿಯ ಮೇಲೆ ಕುಕ್ಕರಿಸಿದ. ನಾನು ವೇದಿಕೆಯ ಈ ತುದಿಯಿಂದ ಆ ತುದಿಗೆ ತಿರುಗತೊಡಗಿದೆ. ಕಾಲು ಒಂದು ಕಡೆ ನಿಲ್ಲಲಿಲ್ಲ. ಅಮ್ಮ ಹೋದ ಮೇಲೆ ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ್ದು ನಾನಲ್ಲ, ಅಣ್ಣನಲ್ಲ, ಆ ಚೆಲ್ಲೊ. ಅದನ್ನೂ ಕಿತ್ತುಕೊಂಡರೆ ಅವರಿಗೆ ಬೆಳಗ್ಗೆ ಎದ್ದು ಮಾಡುವುದಕ್ಕೆ ಏನು ಉಳಿಯುತ್ತದೆ?

“ಒಂದ್ ಕೆಲಸ ಮಾಡೋಣ,” ಎಂದ ಅಣ್ಣ. ಅವನ ಒಂದ್ ಕೆಲಸಗಳೆಲ್ಲ ಕೆಲಸ ತಪ್ಪಿಸುವ ಉಪಾಯಗಳೇ. “ಕೊಳಲಿಂದು ಬಿಟ್ಬಿಡೋಣ. ಇವರಿಗೆ ಹುಷಾರಿಲ್ಲ ಅನ್ನೋಣ. ನಾವು ಮೂರು ಜನ ಇಳಿದೇ ನುಡಿಸೋಣ. ಯಾರಿಗ್ ಗೊತ್ತಾಗತ್ತೆ?”

ಸುಳ್ಳೇಕೆ ಹೇಳಲಿ, ಒಂದು ಗಳಿಗೆ ನನಗೂ ಆಸೆಯಾಯಿತು. ಆಕೆ ಕೊಳಲಿನ ತೇವ ಒರೆಸುತ್ತ ತಲೆ ತಗ್ಗಿಸಿ ಕೂತಿದ್ದಳು. ಇಷ್ಟು ದೂರ ಬಂದು, ಸರಿಯಾಗಿ ನುಡಿಸಿ, ತಪ್ಪು ಹೊತ್ತುಕೊಂಡು ಹೋಗಬೇಕು.

“ಇವತ್ತಿನ ಮಾತು ಬಿಡು,” ಎಂದೆ. “ಮುಂದಿನ ವರ್ಷ? ಹೀಗೇ ಇಳೀತಾ ಹೋದ್ರೆ ಬಟ್ಟೆ ಒಣಗಿ ಹಾಕ್ಬಹುದು ನಿನ್ನ ತಂತಿ ಮೇಲೆ.”

“ಹಾಗಾದ್ರೆ ನೀನೇ ಹೇಳು. ನಿನ್ನ ಮಾತು ಕೇಳ್ತಾರೆ. ದಮ್ಮಯ್ಯ, ನನ್ನ ಕೈಲಾಗಲ್ಲ.”

ನನ್ನ ಮಾತು ಕೇಳುತ್ತಾರಂತೆ! ಈ ಮನೆಯಲ್ಲಿ ನನ್ನ ಮಾತು ಕೇಳಿದವರನ್ನು ನಾನು ಇನ್ನೂ ನೋಡಬೇಕಾಗಿದೆ. ಬಾಗಿಲವರೆಗೆ ಹೋದೆ, ವಾಪಸ್ಸು ಬಂದೆ, ನೀರು ಕುಡಿದೆ, ಮತ್ತೆ ಹೋದೆ. ಮೆತ್ತಗೆ ಹೇಳಬೇಕು, ಮೊದಲು ಅದೂ ಇದೂ ಮಾತಾಡಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಾಗಿಲು ತಳ್ಳಿದೆ.

ಅಪ್ಪ ಬೆಂಚಿನ ಮೇಲೆ ಮಲಗಿದ್ದರು. ಬೂಟು ಕೆಳಗೆ, ಕಣ್ಣಿನ ಮೇಲೆ ಕರವಸ್ತ್ರ, ಎದೆಯ ಮೇಲೆ ಮಡಿಸಿದ ಕೈ.

“ಅಪ್ಪಾ, ನಿಮ್ಮ ಶ್ರುತಿ ಇಳಿದೋಗಿದೆ,” ಎಂದುಬಿಟ್ಟೆ. ಜೋಡಿಸಿಕೊಂಡದ್ದರಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ.

ಕರವಸ್ತ್ರ ತೆಗೆದರು. “ಯಾರ್ ಹೇಳಿದ್ದು? ಆ ಊದೋಳಾ?”

“ಅವರ ಯಂತ್ರಾನೂ ಹೇಳತ್ತೆ. ಅಣ್ಣನ ಫೋನೂ ಹೇಳತ್ತೆ.”

“ಫೋನು! ನಿನ್ನೆ ಮೊನ್ನೆ ಹುಟ್ಟಿದ ಫೋನು ನನಗೆ ಶ್ರುತಿ ಹೇಳಿಕೊಡತ್ತಾ? ಹೋಗು, ಆಕೆಗೆ ಟಿಕೆಟ್ ತೆಗೆಸಿ ರೈಲು ಹತ್ತಿಸು. ಸಕ್ಕರೆ ಡಬ್ಬಿ ಬೇಡ ಅಂತ ನಾನು ಮೊದಲೇ ಹೇಳಿದ್ದೆ.”

ಇನ್ನು ಜಪ್ಪಯ್ಯ ಎಂದರೂ ಒಪ್ಪುವವರಲ್ಲ ಎಂದು ಗೊತ್ತಾಯಿತು. ಅವರ ಚೆಲ್ಲೊ ಪೆಟ್ಟಿಗೆ ಮೂಲೆಯಲ್ಲಿ ತೆರೆದಿತ್ತು. ಅದರ ಜೇಬಿನಲ್ಲಿ ಎರಡು ಕಾಲಿನ ಉಕ್ಕಿನ ಕವೆಯೊಂದು ಯಾವಾಗಲೂ ಬಿದ್ದಿರುತ್ತದೆ. ಅದನ್ನು ಬಡಿದರೆ ಒಂದೇ ಸ್ವರ ಬರುತ್ತದೆ, ಶ್ರುತಿಗೆ ಬೇಕಾದ ಅದೇ ಸ್ವರ. ಅವರ ಗುರುಗಳು ಕೊಟ್ಟದ್ದು. ಹಿಂದೆಲ್ಲ ಮನೆಗೆ ನೆಂಟರು ಬಂದಾಗ ಅಪ್ಪ ಮೊದಲು ಬಾಯಲ್ಲಿ ಸ್ವರ ಹಾಡಿ, ಆಮೇಲೆ ಕವೆಯನ್ನು ಬಡಿದು, ಎರಡೂ ಒಂದೇ ಎಂದು ತೋರಿಸಿ ಮೀಸೆ ತಿರುವುತ್ತಿದ್ದರು. ಎಷ್ಟು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲವೋ, ಮೇಲೆಲ್ಲ ಕೆಂಪಗೆ ತುಕ್ಕು. ಅದನ್ನು ಮಂಡಿಗೆ ಬಡಿದು ಅದರ ಬುಡವನ್ನು ಮೇಜಿಗೆ ಒತ್ತಿ ಹಿಡಿದೆ. ಕೋಣೆಯ ತುಂಬ ಸ್ವರ ಹರಡಿತು.

ಅಪ್ಪ ಕೇಳಿದರು. ಎದ್ದು ಕೂತರು. ಕೈ ಚಾಚಿ ಚೆಲ್ಲೊದ ತಂತಿಯನ್ನು ಬೆರಳಿನಿಂದ ಮೀಟಿದರು. ಎರಡೂ ಬೇರೆ ಬೇರೆ ಎಂದು ಕೂಸಿಗೂ ಗೊತ್ತಾಗುವಷ್ಟು ಬೇರೆ.

“ಕವೆ ಏರಿದೆ,” ಎಂದರು. “ನೋಡು, ತುಕ್ಕು ಹಿಡಿದಿದೆ.”

ಅವರೇ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಬ್ಬೆರಳಿನಿಂದ ತುಕ್ಕು ಉಜ್ಜಿದರು. ಇನ್ನೊಮ್ಮೆ ಬಡಿದು ಕಿವಿಯ ಹತ್ತಿರ ಹಿಡಿದರು. ಇನ್ನೊಮ್ಮೆ. ಅವರ ತುಟಿ ಅಲುಗುತ್ತಿತ್ತು.

“ತುಕ್ಕು ಹಿಡಿದ್ರೆ ಕವೆ ಇಳಿಯತ್ತೆ,” ಎಂದರು ಕೊನೆಗೆ. “ಏರಲ್ಲ.”

ಅದನ್ನು ನನಗೆ ಹೇಳಿದ್ದಲ್ಲ. ನನಗೆ ಅಳು ಒತ್ತರಿಸಿ ಬಂತು, ಹಲ್ಲು ಕಚ್ಚಿ ಹಿಡಿದೆ.

“ಎಷ್ಟು ದಿನದಿಂದ?”

“ಗೊತ್ತಿಲ್ಲಪ್ಪ. ವರ್ಷದ ಮೇಲಾಗಿರ್ಬೇಕು.”

“ನೀವಿಬ್ರೂ ಏನ್ ಮಾಡ್ತಿದ್ರಿ?” ಈಗ ಅವರ ದನಿ ಏರಿತು. “ದಿನಾ ಪಕ್ಕದಲ್ಲೇ ಕೂತಿದ್ರಲ್ಲ! ಹುಟ್ಟಿದಾಗಿನಿಂದ ಕಲಿಸಿದೀನಿ. ಒಬ್ಬರಿಗಾದ್ರೂ ಕಿವಿ ಬೇಡ್ವಾ?”

ಅಳು ಅಲ್ಲೇ ಸಿಟ್ಟಾಯಿತು. ನನ್ನದು ಅದೇ ರೋಗ. “ನಮಗೆ ಕಿವಿ ಎಲ್ಲಿ ಕೊಟ್ರಿ? ಒಂದಿನಾನಾದ್ರೂ ನಮ್ಮ ಶ್ರುತಿ ಕೇಳಿದ್ರಾ? ನೀವು ಕೊಟ್ಟಿದ್ದು ಶ್ರುತಿ, ಮಿಕ್ಕಿದ್ದೆಲ್ಲ ತಪ್ಪು. ಹಾಗಂತ ಬೆಳೆದವರು ನಾವು. ಇವತ್ತಿಗೂ ನೀವು ಪಕ್ಕದಲ್ಲಿಲ್ದೆ ನನಗೆ ಒಂದು ಸ್ವರ ಹುಡುಕೋಕೆ ಬರಲ್ಲ. ಅದಕ್ಕೇ ನಿಮ್ಮ ಹಿಂದೇನೇ ಇಳಿದ್ವಿ. ನೀವು ಬಾವಿಗೆ ಇಳಿದಿದ್ರೂ ಇಳೀತಿದ್ವಿ!”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಪ್ಪ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಾಗಿತ್ತು. ಕಾಲಿನಿಂದ ಬೂಟನ್ನು ಬೆಂಚಿನಡಿಗೆ ತಳ್ಳಿದರು.

“ನಿಮ್ಮಮ್ಮ ಇದ್ದಿದ್ರೆ ಮೊದಲನೇ ದಿನಾನೇ ಹೇಳಿರೋಳು,” ಎಂದರು. “ಅವಳೊಬ್ಬಳೇ ನನ್ನ ಜೊತೆ ಜಗಳ ಆಡ್ತಾ ಇದ್ದಿದ್ದು.” ಮತ್ತೆ ಮಲಗಿ ಗೋಡೆಯ ಕಡೆ ತಿರುಗಿದರು. “ನೀವು ನುಡಿಸ್ಕೊಳ್ಳಿ. ನಾನು ಬರಲ್ಲ.”

ಹೊರಗೆ ಬಂದೆ. ಏನಾದರೂ ಮಾಡದಿದ್ದರೆ ತಲೆ ಸಿಡಿಯುತ್ತದೆ ಎನ್ನಿಸಿತು. ಶ್ರುತಿ ಕೀಲಿ ತೆಗೆದುಕೊಂಡು ನನ್ನ ವಾದ್ಯವನ್ನು ಏರಿಸುವುದಕ್ಕೆ ಕೂತೆ. ಕೊಳಲಿನಾಕೆ ಪಕ್ಕದಲ್ಲಿ ನಿಂತು ಸ್ವರ ಕೊಟ್ಟಳು. ಹಾರ್ಪ್ಸಿಕಾರ್ಡನ್ನು ಹೀಗೆ ಒಮ್ಮೆಲೇ ಏರಿಸುವುದು ತಲೆನೋವಿನ ಕೆಲಸ. ಈ ತುದಿಯಿಂದ ಆ ತುದಿಗೆ ಬಿಗಿದು ಮುಗಿಸುವಷ್ಟರಲ್ಲಿ ಮೊದಲು ಬಿಗಿದವು ಸಡಿಲವಾಗಿರುತ್ತವೆ. ಮತ್ತೆ ಮೊದಲಿಂದ. ಒಂದು ತಂತಿ ಪಟ್ಟನೆ ಹರಿದು ಕೈಗೆ ಬಡಿಯಿತು. ಬೇರೆ ಕಟ್ಟಿದೆ. ಆಕೆ ಬೇಸರಿಸದೆ ಊದುತ್ತಲೇ ಇದ್ದಳು, ತುಟಿ ಬಾಡಿಹೋಗಿತ್ತು. ಅಣ್ಣ ಬಿರಡೆ ತಿರುವುವುದು, ನುಡಿಸಿ ನೋಡುವುದು, ಬಾಗಿಲ ಕಡೆ ನೋಡುವುದು, ಇಷ್ಟನ್ನೇ ಮಾಡುತ್ತಿದ್ದ.

“ಬರ್ತಾರಾ?”

“ನನ್ನನ್ ಕೇಳ್ಬೇಡ.”

“ಚೆಲ್ಲೊ ಇಲ್ದೆ ಹೇಗೆ ನುಡಿಸೋದು?”

“ನನ್ನನ್ ಕೇಳ್ಬೇಡ ಅಂದ್ನಲ್ಲ!”

ಸಭಾಂಗಣದ ಬಾಗಿಲು ತೆರೆದರು. ಜನ ಬಂದು ಕೂತರು, ಕೆಮ್ಮಿದರು, ಕೈಲಿದ್ದ ಕಾಗದದಿಂದ ಗಾಳಿ ಬೀಸಿಕೊಂಡರು. ನಾವು ಮೂವರು ವೇದಿಕೆಯ ಮೇಲೆ ಹೋಗಿ ಕೂತೆವು. ಅಪ್ಪನ ಕುರ್ಚಿ ಖಾಲಿ. ದೀಪ ಆರಿಸುವವನು ನನ್ನ ಕಡೆ ನೋಡಿದ, ಇರು ಎಂದು ಕೈ ಮಾಡಿದೆ. ಇನ್ನೂ ಇರು ಎಂದೆ. ಎದ್ದುನಿಂತು ಜನರಿಗೆ ಏನೋ ಹೇಳಬೇಕು, ಏನು ಹೇಳುವುದು ಎಂದು ತಡಕಾಡುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು.

ಅಪ್ಪ ಚೆಲ್ಲೊ ಹಿಡಿದುಕೊಂಡು ಬಂದರು. ಬೂಟು ಹಾಕಿದ್ದರು, ತಲೆ ಬಾಚಿದ್ದರು. ಜನರಿಗೆ ತಲೆಬಾಗಿ ಕೂತರು. ಎಂದಿನಂತೆ ಅವರು ಸ್ವರ ಕೊಡಲಿ ಎಂದು ಅಭ್ಯಾಸಬಲದಿಂದ ಅಣ್ಣ ಪಿಟೀಲೆತ್ತಿ ಕಾದ. ಅಪ್ಪ ಕಮಾನನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದರು.

“ಕೊಡು,” ಎಂದರು.

ಗಡಿಬಿಡಿಯಲ್ಲಿ ಪಕ್ಕದ ಕೀ ಒತ್ತಿದೆ. ನನ್ನ ಹಣೆಬರಹ! ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಎರಡನೆಯ ಸಲ ಸರಿಯಾಗಿ ಕೊಟ್ಟೆ. ಅಪ್ಪ ಬಿರಡೆ ತಿರುವಿ ತಂತಿ ಏರಿಸಿದರು. ಏರಿಸುತ್ತ ಅವರ ಮುಖ, ಹುಳಿಯನ್ನು ಕಚ್ಚಿ ಉಗುಳಲಾರದೆ ಕೂತವರ ಮುಖದಂತಾಯಿತು.

ಮೊದಲು ನುಡಿಸಿದ್ದು ಆ ಮನೆತನದ ಅಪ್ಪನ ರಚನೆ. ನಮ್ಮ ಅಪ್ಪ ಹೇಗೆ ನುಡಿಸಿದರೆಂದರೆ, ಬೆರಳು ಗೊತ್ತಿದ್ದ ದಾರಿಯಲ್ಲಿ ನಡೆಯುತ್ತಿತ್ತು, ಕಿವಿ ಹೆಜ್ಜೆಹೆಜ್ಜೆಗೂ ಇದು ದಾರಿಯಲ್ಲ ಎನ್ನುತ್ತಿತ್ತು. ಎಡಗೈ ಆಗಾಗ ಹಳೆಯ ಜಾಗಕ್ಕೆ ಜಾರಿ, ಬೆಚ್ಚಿದಂತೆ ವಾಪಸ್ಸು ಬರುತ್ತಿತ್ತು. ಜೀವಮಾನದಲ್ಲಿ ಕಣ್ಣು ಮುಚ್ಚಿಯೇ ನುಡಿಸಿದವರು ಅವತ್ತು ಕಣ್ಣು ತೆರೆದು ತಮ್ಮ ಬೆರಳನ್ನೇ ನೋಡುತ್ತ ನುಡಿಸಿದರು. ಕುತ್ತಿಗೆಯಿಂದ ಬೆವರು ಇಳಿದು ಕಾಲರು ಒದ್ದೆಯಾಗಿತ್ತು. ಆ ಮನೆತನದ ದೊಡ್ಡ ಮಗನ ರಚನೆಯೂ ಹಾಗೇ ಕಳೆಯಿತು. ಜನ ಚಪ್ಪಾಳೆ ತಟ್ಟಿದರು. ನಾನು ಏನು ನುಡಿಸಿದೆನೋ ನನಗೆ ನೆನಪಿಲ್ಲ, ಅಪ್ಪ ಈಗ ಎದ್ದು ಹೋಗುತ್ತಾರೆ, ಈಗ ಹೋಗುತ್ತಾರೆ ಎಂದು ಕಾಯುತ್ತಲೇ ಇದ್ದೆ.

ಎದ್ದು ಹೋಗಲಿಲ್ಲ. ಕೊಳಲಿನ ರಚನೆಗೆ ಮುಂಚೆ ಅಣ್ಣ ತನ್ನ ತಂತಿ ಸರಿಮಾಡಿಕೊಂಡ. ಕೊಳಲಿನಾಕೆ ತುಟಿ ಒದ್ದೆ ಮಾಡಿಕೊಂಡು ಅಪ್ಪನ ಸನ್ನೆಗೆ ಕಾದಳು. ಅಪ್ಪ ಸನ್ನೆ ಮಾಡಲಿಲ್ಲ. ತಮ್ಮ ತಂತಿಯನ್ನು ಮೆಲ್ಲಗೆ ಒಂದು ಸಲ ಎಳೆದರು, ಇನ್ನೊಂದು ಸಲ ಎಳೆದರು, ಆಮೇಲೆ ನನ್ನ ಕಡೆ ಬಾಗಿದರು.

“ಸರಿ ಇದೆಯಾ?”

ಇಷ್ಟು ವರ್ಷದಲ್ಲಿ ಅಪ್ಪ ನನ್ನನ್ನು ಆ ಮಾತು ಕೇಳಿರಲಿಲ್ಲ. ಅಮ್ಮನನ್ನೂ ಕೇಳಿದ್ದು ನಾನು ನೋಡಿಲ್ಲ. ಆ ಮುಖ ನೋಡಿದರೆ ಯಾವ ಮಕ್ಕಳಾದರೂ ಸರಿ ಇದೆ ಎನ್ನಬೇಕು. ಹೊಸದಾಗಿ ಬಿಗಿದ ತಂತಿ ಸೆಕೆಗೆ ಜಾರಿತ್ತು. ಜಾರಿದ್ದು ಸ್ವಲ್ಪವೇ. ನಾಲಿಗೆ ತುದಿಗೆ ‘ಸರಿ ಇದೆ ಅಪ್ಪ’ ಬಂದೂ ಬಂತು.

“ಇಲ್ಲಪ್ಪ,” ಎಂದೆ. “ಇಳಿದಿದೆ.”

ಅಪ್ಪ ಬಿರಡೆಗೆ ಕೈ ಹಾಕಿದರು. ಸಭೆಯೆಲ್ಲ ಸುಮ್ಮನೆ ಕೂತು ನೋಡುತ್ತಿತ್ತು. ನಾನು ಒಂದೇ ಸ್ವರವನ್ನು ಮೀಟುತ್ತ ಹೋದೆ.

“ಸಾಕಾ?”

“ಇನ್ನೂ ಸ್ವಲ್ಪ.”

ತಿರುವಿದರು. “ಈಗ?”

“ಇನ್ನೊಂಚೂರು.”

“ನನಗೆ ಅಸಹ್ಯ ಅನ್ನಿಸ್ತಾ ಇದೆ ಕಣೇ,” ಎಂದರು ಪಿಸುದನಿಯಲ್ಲಿ.

“ಗೊತ್ತು. ಇನ್ನೊಂಚೂರು ಏರಿಸಿ.”

ಏರಿಸಿದರು. ನನ್ನ ಸ್ವರವೂ ಅವರ ಸ್ವರವೂ ಒಂದಾಗಿ ಎರಡರ ನಡುವಿನ ನಡುಕ ನಿಂತಿತು. ಅವರಿಗೆ ಅದು ನಿಂತದ್ದು ಗೊತ್ತಾಯಿತೋ ಇಲ್ಲವೋ, ನನ್ನ ಬಾಯನ್ನೇ ನೋಡುತ್ತಿದ್ದರು.

“ಸಾಕಪ್ಪ,” ಎಂದೆ. ಅಪ್ಪ ತಲೆಯಾಡಿಸಿ, ಕೊಳಲಿನಾಕೆಯ ಕಡೆ ತಿರುಗಿ, ಶುರುಮಾಡಿ ಎಂದು ಕಮಾನು ಎತ್ತಿದರು.